ಭಾನುವಾರ ಮಾತ್ರ

ಗಜೇಂದ್ರಗಡ
೧೮ ಆಗಸ್ಟ್ ೨೦೦೮, ಸೋಮವಾರ

ಪ್ರೀತಿಯ ರೇಷ್ಮಾ,

ಲಕೋಟೆಯ ಮೇಲಿನ ನನ್ನ ಅಕ್ಷರ ನೋಡಿ ಇದನ್ನು ಹರಿದು ಹಾಕಬೇಡ, ಅಷ್ಟು ಮಾಡಿದರೆ ಸಾಕು. ನಿನ್ನೆ ನರಗುಂದದಲ್ಲಿ ನಿಮ್ಮ ಪಡಸಾಲೆಯಲ್ಲೇ ಕೂತು ಎಲ್ಲ ಹೇಳಬೇಕೆಂದಿದ್ದೆ. ನೀನು ಒಳಗಿನ ಖೋಲಿಯಿಂದ ಹೊರಗೆ ಬರಲಿಲ್ಲ. ಬೆಳಿಗ್ಗೆಯಿಂದ ಹೊಲಿಗೆ ಯಂತ್ರದ ಮುಂದೆ ಕೂತಿದ್ದೇನೆ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಏಳುತ್ತೇನೆ, ಬಾಗಿಲತನಕ ಹೋಗುತ್ತೇನೆ, ಮತ್ತೆ ಬಂದು ಕೂಡುತ್ತೇನೆ.

ರೋಣದ ಕಾಲೇಜು ಮುಗಿದ ಮೇಲೆ ನಾವಿಬ್ಬರೂ ಕೂಡುತ್ತಿದ್ದದ್ದು ಆರ್ಕುಟ್‌ನಲ್ಲೇ ಅಲ್ಲವೇ? ನೀನು ನಿಮ್ಮ ಕಂಪ್ಯೂಟರ್ ಕ್ಲಾಸಿನಿಂದ, ನಾನು ಉಮರಣ್ಣನ ನೆಟ್ ಅಂಗಡಿಯಿಂದ. ಮೊದಮೊದಲು ನಿನಗಾಗಿಯೇ ಹೋಗುತ್ತಿದ್ದೆ. ಆಮೇಲೆ ನಾನು ಹೊಲಿದ ಕುಪ್ಪಸಗಳ ಫೋಟೋ ಹಾಕತೊಡಗಿದೆ. ಕಂಡು ಗೊತ್ತಿಲ್ಲದವರೆಲ್ಲ ಹೊಗಳಿದರು. ನನ್ನ ಚಡಪಡಿಕೆ ಶುರುವಾದದ್ದು ಅಲ್ಲಿಂದ. ಒಂದು ಹುಕ್ಕು ಹಚ್ಚುವಷ್ಟರಲ್ಲಿ, ಈಗ ಯಾರು ಏನು ಬರೆದಿರಬಹುದು ಅಂತ ಜೀವ ಅತ್ತ ಎಳೆಯುತ್ತಿತ್ತು. ದಾರ ತರುತ್ತೇನೆಂದು ಹೋಗಿ, ಅಂಗಡಿಯಲ್ಲಿ ಕೂತು, ದಾರ ಮರೆತು ಬರುತ್ತಿದ್ದೆ.

ಲಕ್ಕಲಕಟ್ಟಿಯ ಗಾಳೆವ್ವನ ವಿಷಯ ನಿನಗೆ ಹೇಳಿರಲಿಲ್ಲ. ಬಸುರಿ ಮಗಳ ಕುಬಸದ ಕಾರ್ಯಕ್ಕೆಂದು ಆಕೆ ಚಲೋ ಖಣ ತಂದುಕೊಟ್ಟಿದ್ದಳು. ನೆಟ್ ಅಂಗಡಿಯಿಂದ ಬಂದವಳೇ ಕತ್ತರಿ ಹಿಡಿದೆ. ಎರಡೂ ತೋಳುಗಳನ್ನು ಬಲಗೈಗೇ ಕತ್ತರಿಸಿಬಿಟ್ಟಿದ್ದೆ. ಆಕೆ ತೋಳುಗಳನ್ನು ತಿರುವಿ ಮುರುವಿ ನೋಡಿ, "ನನ್ನ ಮಗಳಿಗೆ ಎರಡೂ ಬಲಗೈನ ಅದಾವೇನ ತಂಗಿ?" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದೇ ಬಣ್ಣದ ಖಣ ಎಲ್ಲಿಯೂ ಸಿಗಲಿಲ್ಲ. ಬೇರೆ ಬಟ್ಟೆಯ ತೋಳು ಹಚ್ಚಿಕೊಟ್ಟೆ. ಆಕೆ ಅದನ್ನೇ ಮಡಚಿಕೊಂಡು ಹೋದಳು.

ಅಮ್ಮಿ ನನ್ನನ್ನೇ ನೋಡುತ್ತಿದ್ದಳು. "ಕೈ ಇಲ್ಲೈತಿ, ಮನಸ ಎಲ್ಲಿ ಇಟ್ಟ ಬಂದೀ ಸಾನಿಯಾ?" ಅಂದಳು.

ಅದಕ್ಕೇ ನನ್ನ ಪುಟದಲ್ಲಿ "ಇನ್ನು ಭಾನುವಾರ ಮಾತ್ರ" ಅಂತ ಬರೆದದ್ದು. ನೀನೇ ಮೊದಲು ನಕ್ಕವಳು. ಮೊದಲ ವಾರ ಜ್ವರ ಬಂದವರ ಹಾಗೆ ಒದ್ದಾಡಿದೆ. ಆಮೇಲೆ ನಿಧಾನಕ್ಕೆ ಕೈ ಹತೋಟಿಗೆ ಬಂತು. ಅಮ್ಮಿಯ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದ ಜರಿಯ ಕುಸುರಿಯನ್ನು ಒಂದು ಕುಪ್ಪಸದ ಕೊರಳಿಗೆ ಹಾಕಿದೆ. ಫೋಟೋ ತೆಗೆಯಬೇಕು ಅಂತ ನೆನಪೇ ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿದ್ದೆ.

ಹಾಗೆ ಖುಷಿಯಲ್ಲೇ ನಿನ್ನೆ ಹೋಗಿ ತೆರೆದೆ. ಮಂಗಳವಾರದ ನಿನ್ನ ಸಂದೇಶ ಕಾದಿತ್ತು. "ಶುಕ್ರವಾರ ನನ್ನ ನೋಡಾಕ ಬರಾಕತ್ತಾರ. ಮನ್ಯಾಗ ಎಲ್ಲಾರಿಗೂ ಒಪ್ಪಿಗಿ ಐತಿ. ನನಗ ಬಿ.ಎಡ್. ಮಾಡೋದೈತಿ, ಹೇಳಾಕ ಧೈರ್ಯ ಸಾಲವಲ್ದು. ನೀ ಒಂದ ಮಾತ ಹೇಳ." ಅದರ ಕೆಳಗೆ ಬುಧವಾರ ಬರೀ "ಸಾನಿಯಾ?" ಅಂತ. ಗುರುವಾರವೂ ಅಷ್ಟೇ, ಬರೀ ನನ್ನ ಹೆಸರು.

ಕಂಪ್ಯೂಟರ್ ಹಾಗೇ ಬಿಟ್ಟು ನಿಮ್ಮೂರಿಗೆ ಹೊರಟೆ. ಉಮರಣ್ಣ ಹಿಂದಿನಿಂದ ಕೂಗಿದ್ದೂ ತಲೆಗೆ ಹೋಗಲಿಲ್ಲ. ರೋಣದಲ್ಲಿ ಬಸ್ಸು ಬದಲಿಸುವಾಗ ಕೂಡಲಾಗದೆ ನಿಲ್ದಾಣದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಾಡುತ್ತಿದ್ದೆ. ಎಲ್ಲ ಮುಗಿದು ದಿನ ಗೊತ್ತು ಮಾಡಿರುತ್ತಾರೆ ಅಂತಲೇ ತಿಳಿದಿದ್ದೆ.

ನಿಮ್ಮವ್ವ ರೇಣವ್ವ ಬಾಗಿಲು ತೆರೆದಳು. "ಏನ ಹೇಳ್ಲೆವಾ, ಬಂದ ಮಂದಿ ಮುಂದ ನಿಂತು, ಓದು ಮುಗಿಯೂತನಕ ಬ್ಯಾಡ್ರಿ ಅಂದಬಿಟ್ಲು. ಅವರಪ್ಪ ಅಕೀ ಜೋಡಿ ಮಾತ ಬಿಟ್ಟಾರ" ಅಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು ರೇಷ್ಮಾ. ಆಗಲೇ ಒಳಗಿನಿಂದ ನಿನ್ನ ದನಿ ಬಂತು: "ಭಾನುವಾರ ಈಗ ಬಂತೇನ ನಿನಗ?"

ಅದಕ್ಕೆ ಉತ್ತರವನ್ನು ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಡುಕಿದೆ. ಈಗಲೂ ಪೂರ್ತಿ ಸಿಕ್ಕಿಲ್ಲ. ಭಾನುವಾರದ ನೇಮ ನಾನು ಬಿಡುವುದಿಲ್ಲ, ನಿನಗೆ ಸಿಟ್ಟು ಬಂದರೂ ಸರಿ. ಬಿಟ್ಟರೆ ನಾನು ಯಾರ ಕೈಗೂ ಸಿಗದವಳಾಗುತ್ತೇನೆ, ನಿನಗೂ ಸಹ. ಆದರೆ ದಿನಾ ಅಷ್ಟು ಹರಟುತ್ತಿದ್ದೆವಲ್ಲ, ಅವಸರಕ್ಕೆ ಬೇಕಾದೀತು ಅಂತ ಒಂದು ಫೋನ್ ನಂಬರನ್ನೂ ನಿನಗೆ ಕೊಟ್ಟಿರಲಿಲ್ಲ ನೋಡು. ಪಕ್ಕದ ಮನೆಯ ಖಾಜಾಬಿ ಚಾಚಿಯ ನಂಬರು ಹಾಳೆಯ ಹಿಂದೆ ಬರೆದಿದ್ದೇನೆ. ಯಾವ ದಿನವಾದರೂ ಮಾಡು. ಬೈಯುವುದಕ್ಕಾದರೂ ಮಾಡು.

ನಿಮ್ಮಪ್ಪ ಮಾತಾಡದ ಮನೆಯಲ್ಲಿ ನೀನು ಹೇಗಿದ್ದೀಯೋ ಅನ್ನುವುದೇ ಚಿಂತೆ. ಈ ವಾರ ಮತ್ತೆ ಬರುತ್ತೇನೆ. ನೀನು ಹೊರಗೆ ಬರದಿದ್ದರೂ ಸರಿ, ರೇಣವ್ವನ ಜೊತೆ ಕೂತು ಶೇಂಗಾ ಸುಲಿಯುತ್ತೇನೆ.

ನಿನ್ನ ಒಂದು ಮಾತಿಗೆ ಒದ್ದಾಡುತ್ತಿರುವ,
ಸಾನಿಯಾ

ತಾಜಾ ಕಲಂ: ನಿನ್ನ ಸಂದೇಶದ ಕೊನೆಯ ಸಾಲನ್ನು ಮೇಲೆ ಬರೆಯದೆ ಬಿಟ್ಟೆ. "ಹುಡುಗ ಗಜೇಂದ್ರಗಡದಾಂವ, ನಿಮ್ಮ ಓಣಿ ಹತ್ರನ ಮನಿ" ಅಂತ ನೀನು ಬರೆದಿದ್ದೆ. ಬೆಳಿಗ್ಗೆಯಿಂದ ನನ್ನನ್ನು ಕೂಡಗೊಡದೆ ಇರುವುದು ಆ ಸಾಲೇ. ಮಂಗಳವಾರವೇ ಅದನ್ನು ಓದಿದ್ದರೆ, ನೀನು ನಮ್ಮೂರಿಗೆ ಬರುತ್ತೀ ಅನ್ನುವ ಆಸೆಗೆ ನಾನು "ಹೂಂ ಅನ್ನು" ಅಂತಲೇ ಬರೆಯುತ್ತಿದ್ದೆ ರೇಷ್ಮಾ.