ಟ್ಯೂಬಿನದೇ ತಪ್ಪು

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಪಲ್ಲವಿಯ ಅದೇ ಎರಡು ಸಾಲು. ಹನ್ನೊಂದು ಸಲ. ಹಾಡುವ ಕೋಣೆಯಲ್ಲಿ ಫ್ಯಾನ್ ಇಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದಂತೆ. ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದಿದ್ದಾರೆ. ಒಳಗೆ ನಾನು ಬೆವರಿನಲ್ಲಿ ನೆನೆಯುತ್ತಿದ್ದರೆ ಗಾಜಿನ ಆಚೆ ನಮ್ಮ ಯಜಮಾನರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಹಾಡಿಗಲ್ಲ. ಡಬ್ಬಿಗೆ.

ಡಬ್ಬಿ ಅಂದರೆ ಟ್ಯೂಬ್ ಪ್ರೀಆಂಪ್. ಹಳೇ ರೇಡಿಯೋದೊಳಗೆ ಗಾಜಿನ ವಾಲ್ವ್ ಇರುತ್ತಿತ್ತಲ್ಲ, ಅದೇ ಟ್ಯೂಬು. ಮೈಕಿನಿಂದ ಬಂದ ಸಣ್ಣ ಸದ್ದನ್ನು ದೊಡ್ಡದು ಮಾಡಿ ಕಂಪ್ಯೂಟರಿಗೆ ಕಳಿಸುವುದು, ಅಷ್ಟೇ ಅದರ ಕೆಲಸ. ಇವರ ಮಾತು ಕೇಳಿದರೆ ಹಾಡುವುದೂ ಅದೇ ಅನ್ನಬೇಕು.

ಮೂರು ವಾರದ ಹಿಂದೆ ಐದನೇ ಹಾಡಿನ ಚರಣದ ಎರಡನೇ ಸಾಲಿನಲ್ಲಿ, ಮೇಲೇರುವ ಜಾಗದಲ್ಲಿ, ಸ್ವರ ಒಡೆದು ಬಂತು. ನಾನು ಬಾಯಿ ತೆರೆಯುವ ಮೊದಲೇ ಇವರು—“ನಿಂದಲ್ಲ, ನಿಂದಲ್ಲ. ಡಬ್ಬಿ ತಡ್ಕೊಳ್ತಿಲ್ಲ.” ನನ್ನದು ಅಂತ ಯಾರು ಹೇಳಿದರು? ಮೂವತ್ತೈದು ವರ್ಷ ಹಾಡಿದ ಗಂಟಲು ಇದು. ಡಬ್ಬಿಯದೇ ತಪ್ಪು, ಅದರಲ್ಲೇನು ಅನುಮಾನ.

ಮಾರ್ಚ್ 6

ಊಟ ಮಾಡುವಾಗಲೂ ಫೋನಿನಲ್ಲಿ ವಿಡಿಯೋ. ಯಾರೋ ಗಡ್ಡದವನು ಟ್ಯೂಬ್ ಕೈಯಲ್ಲಿ ಹಿಡಿದು ಹಸುಗೂಸನ್ನು ನೋಡುವ ಹಾಗೆ ನೋಡುತ್ತಾನೆ. “ವಾರ್ಮ್” ಅನ್ನುತ್ತಾನೆ. ಐದು ನಿಮಿಷದಲ್ಲಿ ಹದಿನಾಲ್ಕು ಸಲ ಅಂದ, ಎಣಿಸಿದೆ. ಅವನು ಒಂದು ಸಾಲು ಹಾಡಿ ತೋರಿಸಲಿ ನೋಡೋಣ.

“ಟ್ಯೂಬ್ ಹಾಕಿದ್ರೆ ಧ್ವನಿ ಬೆಚ್ಚಗೆ ಬರುತ್ತೆ” ಅಂದರು ಇವರು.

“ನಾನೇನು ಸ್ನಾನದ ನೀರಾ?”

ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಡಬ್ಬಿಯ ಮುಚ್ಚಳ ಬಿಚ್ಚಿದರು. ಮುಂದಿನ ಕಿಟಕಿಯಲ್ಲಿ ಕೆಂಡದ ಹಾಗೆ ಹೊಳೆಯುತ್ತಿತ್ತಲ್ಲ, ಅದು ಟ್ಯೂಬಿನ ಬೆಳಕೇ ಅಲ್ಲ. ಹಿಂದೆ ಕಿತ್ತಳೆ ಬಣ್ಣದ ಒಂದು ಎಲ್‌ಇಡಿ ಅಂಟಿಸಿದ್ದಾರೆ, ತೋರಿಕೆಗೆ. ಟ್ಯೂಬಿಗೆ ಸಿಗುತ್ತಿದ್ದ ವೋಲ್ಟೇಜು ಅರೆಹೊಟ್ಟೆಗೂ ಸಾಲದಂತೆ. ನಗು ತಡೆಯಲಾಗಲಿಲ್ಲ. ಇವರಿಗೆ ಮಾತ್ರ ಅದೆಂಥದೋ ಸಮಾಧಾನ. “ನೋಡಿದ್ಯಾ? ನಾನು ಹೇಳ್ಲಿಲ್ವಾ, ಇದರದ್ದೇ ತೊಂದರೆ ಅಂತ?”

ಮೂವತ್ತು ವರ್ಷ ಸಭೆ ಸಮಾರಂಭಗಳಲ್ಲಿ ಮೈಕ್ ಆಪರೇಟರ್ ಆಗಿದ್ದ ಮನುಷ್ಯ. ಬಣ್ಣದ ದೀಪ ನೋಡಿ ಡಬ್ಬಿ ಕೊಂಡರು. ಏನು ಹೇಳುವುದು.

ಮಾರ್ಚ್ 10, ಸಂಜೆ

ಹೊಸ ಡಬ್ಬಿ ಬಂತು. ನಿಜವಾದ ಟ್ಯೂಬು, ನಿಜವಾದ ವೋಲ್ಟೇಜು. ತೂಕ ನನ್ನ ಹೊಲಿಗೆ ಮೆಷಿನ್ನಿನಷ್ಟಿದೆ.

ಜೊತೆಗೆ ಒಬ್ಬ ಆಸಾಮಿಯೂ ಬಂದ. ಹಳೇ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಅರವತ್ತೈದು ದಾಟಿದೆ. ಎಲ್ಲರೂ ಸೋಲ್ಡರ್ ಮಾಮ ಅನ್ನುತ್ತಾರೆ. ಬೆರಳ ತುದಿಗಳೆಲ್ಲ ಸುಟ್ಟು ಗಟ್ಟಿಯಾಗಿವೆ, ಬಿಸಿ ಲೋಟವನ್ನು ಬರಿಗೈಯಲ್ಲಿ ಎತ್ತುತ್ತಾನೆ. ಬಿಸ್ಕತ್ತಿನ ಡಬ್ಬದ ತುಂಬ ಹಳೇ ಟ್ಯೂಬುಗಳು, ಒಂದೊಂದನ್ನೂ ಕಾಲುಚೀಲದೊಳಗೆ ಹಾಕಿಟ್ಟಿದ್ದಾನೆ. ಕಾಲುಚೀಲ ಒಗೆದದ್ದೋ ಇಲ್ಲವೋ ಕೇಳಲಿಲ್ಲ. ಒಂದು ಟ್ಯೂಬ್ ಹಾಕುವುದು, ಅರ್ಧ ಗಂಟೆ ಬಿಸಿಯಾಗಲು ಬಿಡುವುದು, ನಾನು ಎರಡು ಸಾಲು ಹಾಡುವುದು, ತೆಗೆಯುವುದು. ಮತ್ತೆ ಇನ್ನೊಂದು.

“ಅಮ್ಮಾ, ಇದು ಹೇಗಿದೆ?” ಅಂತ ಮಾಮ.

“ಹಿಂದಿನದ್ದರ ಹಾಗೇ ಇದೆ.”

“ಅದಕ್ಕೂ ಇದಕ್ಕೂ ಅಜಗಜಾಂತರ!” ಅಂತ ಇವರು.

ಇಬ್ಬರು ಗಂಡಸರು, ಒಂದು ಸ್ಕ್ರೂಡ್ರೈವರು, ಆರು ಗಂಟೆ. ಹಾಡು ಶೂನ್ಯ.

ಎಂಟು ಹಾಡು ರೆಕಾರ್ಡ್ ಆಗಬೇಕು, ಇನ್ನೂ ಒಂದೂ ಪೂರ್ತಿ ಆಗಿಲ್ಲ. ನಾನೇ ಬರೆದು ನಾನೇ ರಾಗ ಕಟ್ಟಿದವು. ಇಷ್ಟು ವರ್ಷ ಹಾಡಿದ್ದೆಲ್ಲ ಸೋಪಿನ, ಟೈರಿನ ಜಾಹೀರಾತಿಗೆ, ಇಲ್ಲವೇ ಯಾರದೋ ಬೆನ್ನ ಹಿಂದೆ ನಿಂತು ಕೋರಸ್ಸಿಗೆ. ನನ್ನವು ಅಂತ ಇರುವುದು ಈ ಎಂಟೇ. ಎಲ್ಲವನ್ನೂ ನನ್ನ ಮೇಲಿನ ಸ್ವರಗಳನ್ನು ನಂಬಿ ಕಟ್ಟಿದ್ದು. ನಾನು ಹಾಡಿಡದಿದ್ದರೆ ಅವು ಇಲ್ಲ. ಇವರು ಟ್ಯೂಬ್ ಬಿಸಿಯಾಗಲಿ ಅಂತ ಕಾಯುತ್ತಿದ್ದಾರೆ.

ಮಾರ್ಚ್ 15

ತಂಗಿ ಬಂದಿದ್ದಳು. ಅವಳೂ ಹಾಡುತ್ತಾಳೆ, ಹಾಗಂತ ಹೇಳಿಕೊಳ್ಳುತ್ತಾಳೆ. ಐದು ವರ್ಷದ ಹಿಂದೆಯೇ ಶ್ರುತಿಯನ್ನು ಹಾರ್ಮೋನಿಯಮ್ಮಿನ ಒಂದು ಮನೆ ಕೆಳಕ್ಕೆ ಇಳಿಸಿಕೊಂಡು ಆರಾಮಾಗಿದ್ದಾಳೆ. ಚಪ್ಪಲಿ ಕಚ್ಚಿತು ಅಂತ ಬರಿಗಾಲಲ್ಲಿ ಮದುವೆಗೆ ಹೋದ ಹಾಗೆ.

ಕೋಣೆಯೊಳಗೆ ಇಣುಕಿದಳು. “ಭಾವ, ಇನ್ನೂ ಟ್ಯೂಬೇನಾ?”

ಇವರು ಹಲ್ಲು ಕಿರಿದರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಹತ್ತಿರ ಮೆಲ್ಲಗೆ ಅಂದಳು—

“ಅಕ್ಕಾ, ಬೇಜಾರು ಮಾಡ್ಕೋಬೇಡ. ಒಂದು ಮನೆ ಇಳಿಸಿ ಹಾಡಿ ನೋಡು. ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತೆ.”

“ವಯಸ್ಸು ಅಂತ ಒಂದಿರುತ್ತಲ್ಲಕ್ಕಾ...”

“ನಿಂಗೆ ಹುಟ್ಟಿದಾಗ್ಲೇ ವಯಸ್ಸಾಗಿತ್ತು. ಟೀ ಕುಡಿ, ಆರುತ್ತೆ.”

ಮುಖ ಸಣ್ಣದು ಮಾಡಿಕೊಂಡು ಕುಡಿದಳು. ಶ್ರುತಿ ಇಳಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆಗದಿದ್ದರೆ ಬಿಟ್ಟುಬಿಡಬೇಕು. ಇಳಿಸಿ, ಇನ್ನೊಂದಿಷ್ಟು ಇಳಿಸಿ, ಕೊನೆಗೆ ಹಾಡು ಓದಿ ಹೇಳುವುದೇ?

ಮಾರ್ಚ್ 21

ಟ್ಯೂಬ್ ಮುಗಿಯಿತು, ಈಗ ಟ್ರಾನ್ಸ್‌ಫಾರ್ಮರ್. ಇದ್ದದ್ದು ಅಗ್ಗದ್ದಂತೆ, ಜೋರು ಸ್ವರ ಬಂದರೆ ಉಸಿರು ಕಟ್ಟುತ್ತದಂತೆ. ಮಾಮ ತಾನೇ ತಂತಿ ಸುತ್ತಿ ಹೊಸದು ಮಾಡಿ ತಂದ. ಮನೆಯೆಲ್ಲ ಬೆಸುಗೆಯ ಹೊಗೆ. ಹಾಡುವವಳ ಮನೆಯಲ್ಲಿ ಹೊಗೆ! ಹೇಳಿದರೆ ಕಿಟಕಿ ತೆಗೆದರು. ತೆಗೆದದ್ದು ಅಡುಗೆಮನೆಯ ಕಿಟಕಿ.

ಇವತ್ತು ಪೂರ್ತಿ ಹಾಡೇ ಹಾಡುತ್ತೇನೆ ಅಂತ ಹಟ ಹಿಡಿದೆ. ಸರಿ ಅಂದರು. ಪಲ್ಲವಿ ಮುಗಿಯಿತು, ಚರಣದ ಮೊದಲ ಸಾಲೂ ಮುಗಿಯಿತು. ಎರಡನೇ ಸಾಲಿಗೆ ಉಸಿರು ಎಳೆದುಕೊಳ್ಳುತ್ತಿದ್ದೇನೆ—ಕೈ ಎತ್ತಿದರು. “ಸ್ಟಾಪ್. ಗುಂಯ್ ಅಂತ ಹಮ್ ಬರ್ತಿದೆ.” ಮತ್ತೆ ಶುರು. ಮತ್ತೆ ಅದೇ ಜಾಗದಲ್ಲಿ ಕೈ. ಮೂರನೇ ಸಲವೂ.

ಮೈ ಉರಿಯಿತು. ಹೆಡ್‌ಫೋನ್ ಕಿತ್ತೆಸೆದು ಹೊರಗೆ ಬಂದೆ.

“ಹಾಡೋಳನ್ನ ಮಧ್ಯದಲ್ಲಿ ನಿಲ್ಲಿಸ್ಬಾರ್ದು ಅಂತ ಮೂವತ್ತು ವರ್ಷ ಮೈಕ್ ಹಿಡಿದೋರಿಗೆ ಹೇಳ್ಕೊಡ್ಬೇಕಾ?”

“ಒಂದೇ ಒಂದು ಕೆಪಾಸಿಟರ್ ಬದಲಾಯ್ಸಿದ್ರೆ ಆಗೋಯ್ತು.”

ಮಾಮ ನೆಲ ನೋಡುತ್ತಿದ್ದ. ಇಂಥವರಿಗೆ ಯಂತ್ರ ಕೊಡಬಾರದು. ಗೋಲಿ ಕೊಡಬೇಕು, ಆಡಿಕೊಂಡಿರಲಿ.

ಮಾರ್ಚ್ 24, ಮಧ್ಯಾಹ್ನ 3

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಆಚೆ ಕೋಣೆಯಿಂದ ನನ್ನ ಹೆಡ್‌ಫೋನಿಗೆ ಮಾತು ಕಳಿಸುವ ಗುಂಡಿ ಒಂದಿದೆ, ಟಾಕ್‌ಬ್ಯಾಕ್. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೇಳಿಸಬೇಕು. ಬೆರಳು ನೋಯುತ್ತದೆ ಅಂತ ಇವರು ಮೊನ್ನೆ ಅದನ್ನು ಕಿತ್ತು ಅಲ್ಲಿ ಗೋಡೆಯ ಲೈಟ್ ಸ್ವಿಚ್ ಕೂರಿಸಿದ್ದಾರೆ. ಅದೂ ಅಪ್‌ಗ್ರೇಡಂತೆ. ಇವತ್ತು ಆರಿಸಲು ಮರೆತರು.

ನಾನು ಒಳಗೆ ಸ್ಟೂಲಿನ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಡಬ್ಬಿ ಬಿಸಿಯಾಗುವುದನ್ನು ಕಾಯುತ್ತಾ ಕೂತಿದ್ದೆ. ಮಾಮನ ದನಿ ಕೇಳಿಸಿತು.

“ಸಾರ್, ಮೀಟರ್ ನೋಡಿ. ಡಬ್ಬಿಯಿಂದ ಸ್ವರ ಎಲ್ಲೂ ಒಡೆದಿಲ್ಲ. ಫೆಬ್ರವರಿ ರೆಕಾರ್ಡಿಂಗೂ ತೆಗೆದು ನೋಡ್ದೆ, ಅದ್ರಲ್ಲೂ ಇಲ್ಲ. ಆ ಎಲ್‌ಇಡಿ ಡಬ್ಬಿ ಕೂಡ ತಡ್ಕೊಂಡಿತ್ತು.”

“ಗೊತ್ತು” ಅಂದರು ಇವರು.

“ಗೊತ್ತಾ? ಮತ್ತೆ ಇಷ್ಟು ದಿನ ನನ್ ಕೈಲಿ ಏನ್ ಮಾಡಿಸ್ತಿದೀರಿ?”

ಕುರ್ಚಿ ಕಿರುಗುಟ್ಟಿತು.

“ಆ ಸ್ವರ ಹೋಗಿದೆ ಕಣ್ರೀ. ಅವಳಿಗೆ ಹೇಗೆ ಹೇಳ್ಲಿ? ನೀವು ಹೇಳ್ತೀರಾ?... ಏನಾದ್ರೂ ಬದಲಾಯ್ಸಿ. ಇನ್ನೊಂದು ಕೆಪಾಸಿಟರ್ ಬದಲಾಯ್ಸಿ.”

ಆಮೇಲೆ ಗಾಜಿನ ಆಚೆಯಿಂದ ನನ್ನ ಕಡೆ ನೋಡಿ ಎರಡು ಬೆರಳು ತೋರಿಸಿದರು. ಎರಡೇ ನಿಮಿಷ, ಅಂತ. ನಾನೂ ಎರಡು ಬೆರಳು ತೋರಿಸಿದೆ.

ಅದೇ ದಿನ, ಸಂಜೆ

ಪಾಪ ಅಂದುಕೊಂಡಿದ್ದಾರೆ. ನನ್ನನ್ನು! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬಿಟ್ಟು ಹೋಗಿದ್ದರೂ ತಡೆದುಕೊಳ್ಳುತ್ತಿದ್ದೆ. ಪಾಪ ಅನ್ನುವುದಕ್ಕೆ ಇವರು ಯಾರು? ಒಬ್ಬ ರಿಪೇರಿಯವನ ಎದುರಿಗೆ?

ಪ್ರತಿ ಸಲ ಎರಡನೇ ಸಾಲಿಗೆ ಮೊದಲೇ ಕೈ ಎತ್ತಿದ್ದು ಅದಕ್ಕೆ. ಹಮ್ಮೂ ಇಲ್ಲ, ಗಿಮ್ಮೂ ಇಲ್ಲ. ಮನುಷ್ಯ ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲರು ಅಂತ ಗೊತ್ತಿರಲಿಲ್ಲ.

ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ಗೊತ್ತಿತ್ತು ನನಗೆ. ಐದಾರು ತಿಂಗಳಿಂದ ಅಡುಗೆಮನೆಯಲ್ಲಿ ಗುನುಗುವಾಗ ಆ ಸಾಲು ಬಂದರೆ ನಲ್ಲಿ ತಿರುಗಿಸುತ್ತೇನೆ. ನೀರಿನ ಸದ್ದಿನಲ್ಲಿ ನನಗೂ ಕೇಳಿಸದಿರಲಿ ಅಂತ. ಡಬ್ಬಿಯದೇ ತಪ್ಪು ಅಂದಾಗ ಎಷ್ಟು ಖುಷಿಯಿಂದ ಒಪ್ಪಿಕೊಂಡೆ! ಗಡ್ಡದವನಿಗಿಂತ, ತಂಗಿಗಿಂತ, ಎಲ್ಲರಿಗಿಂತ ದೊಡ್ಡ ಮೂರ್ಖಳು ನಾನೇ. ನಾಚಿಕೆಯಾಗುತ್ತಿದೆ.

ಏಪ್ರಿಲ್ 2, ಬೆಳಿಗ್ಗೆ 11

ಇಷ್ಟು ದಿನ ಗಂಟಲು ನೋವು ಅಂದುಬಿಟ್ಟೆ. ಇವರು ಸಂಶಯಪಡದೆ ಬಿಸಿನೀರು ಕಾಯಿಸಿಕೊಟ್ಟರು. ದಿನಕ್ಕೆ ನಾಲ್ಕು ಸಲ.

ಇವತ್ತು ಕೆಪಾಸಿಟರ್ ತರಲು ಪೇಟೆಗೆ ಹೋಗಿದ್ದಾರೆ. ಯಾರಿಗಾಗಿ, ಯಾವ ರೋಗಕ್ಕೆ, ಅವರಿಗೇ ಗೊತ್ತು. ನಾನು ಹಾಡುವ ಕೋಣೆಯ ಬಾಗಿಲು ಹಾಕಿಕೊಂಡೆ. ಮೈಕಿಲ್ಲ, ಏನಿಲ್ಲ. ಎರಡನೇ ಸಾಲು. ನನ್ನ ಶ್ರುತಿಯಲ್ಲೇ. ಐದು ಸಲ ಹಾಡಿದೆ, ಐದು ಸಲವೂ ಒಡೆಯಿತು. ಐದನೆಯದರಲ್ಲಿ ಕೆಮ್ಮು ಬಂತು. ಹಾಸಿಗೆ ಹೊಡೆದ ಗೋಡೆಗೆ ಹಣೆ ಇಟ್ಟು ಅತ್ತೆ. ಆ ಕೋಣೆಯಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ, ಅದೊಂದು ಉಪಯೋಗ.

ಆಮೇಲೆ ಒಂದು ಮನೆ ಇಳಿಸಿದೆ. ಬಂತು. ಬೇರೆ ಯಾರೋ ಹಾಡಿದ ಹಾಗೆ, ಸ್ವಲ್ಪ ದಪ್ಪಗಿನ, ಜಗಳಗಂಟಿ ಹೆಂಗಸು. ಕೆಟ್ಟದಾಗೇನೂ ಇರಲಿಲ್ಲ. ತಂಗಿಗೆ ಮಾತ್ರ ಹೇಳುವುದಿಲ್ಲ, ಸತ್ತರೂ ಹೇಳುವುದಿಲ್ಲ.

ಏಪ್ರಿಲ್ 4, ಬೆಳಿಗ್ಗೆ 10

ತಿಂಡಿ ಮುಗಿದ ಮೇಲೆ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದೆ.

“ನೋಡ್ರೀ, ನಿಮ್ಮ ಡಬ್ಬಿಗೆ ನನ್ನ ಮೇಲಿನ ಸ್ವರ ತಡ್ಕೊಳ್ಳೋ ಯೋಗ್ಯತೆ ಇಲ್ಲ. ಎಷ್ಟು ಟ್ಯೂಬ್ ಚುಚ್ಚಿದ್ರೂ ಅಷ್ಟೇ. ಶ್ರುತಿ ಒಂದು ಮನೆ ಇಳಿಸ್ತೀನಿ. ಡಬ್ಬಿಗೋಸ್ಕರ, ತಿಳೀತಾ?”

ಇವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

“ಹೌದು... ಹೌದು. ಡಬ್ಬಿ ಸ್ವಲ್ಪ... ಟ್ರಾನ್ಸ್‌ಫಾರ್ಮರ್ ಹೊಸದಲ್ವಾ, ಪಳಗಬೇಕು.”

“ಪಳಗೋ ತನಕ ನಾನು ಕಾಯಲ್ಲ.”

“ಬೇಡ ಬೇಡ. ಕಾಯಬೇಡ.”

ಮಾಮ ತಿರುಗಿ ನಿಂತು ಟ್ಯೂಬುಗಳನ್ನು ಕಾಲುಚೀಲಕ್ಕೆ ಹಾಕತೊಡಗಿದ. ಸಭ್ಯ ಮನುಷ್ಯ. ಕಾಲುಚೀಲ ಒಗೆದದ್ದೇ ಇರಬೇಕು.

12 ಗಂಟೆ

ಐದನೇ ಹಾಡು ಆಯಿತು. ಪೂರ್ತಿ. ಒಂದೇ ಟೇಕ್. ಎರಡನೇ ಸಾಲು ಬಂದಾಗ ಇವರ ಕೈ ಏಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಿದ್ದರು, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಹಾಡು ಮುಗಿದ ಮೇಲೂ ತೆಗೆಯಲಿಲ್ಲ. ಮಾಮನೇ ಬಗ್ಗಿ ರೆಕಾರ್ಡಿಂಗ್ ನಿಲ್ಲಿಸಬೇಕಾಯಿತು.

ಕೇಳಿದೆ. ನನ್ನ ಹಾಡು. ಇಪ್ಪತ್ತು ವರ್ಷದ ಹಿಂದೆ ಕಟ್ಟಿದಾಗ ಹೀಗಿರಲಿಲ್ಲ. ಆದರೂ ನನ್ನದೇ. ಇನ್ನು ಏಳು.

12.20

ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ನೀರು ತಂದರು. ಬಾಗಿಲಲ್ಲೇ ನಿಂತು, ಲೋಟ ಕೊಡದೆ, ಕೇಳಿದರು—

“ಅವತ್ತು... ಆ ಸ್ವಿಚ್ಚು ಆನ್ ಆಗೇ ಇತ್ತಾ?”

“ಯಾವತ್ತು?”

“ನಿಂಗೆ ಗಂಟಲು ನೋವು ಶುರುವಾಯ್ತಲ್ಲ, ಅವತ್ತು.”

“ಇಲ್ಲ” ಅಂದೆ.

ನಂಬಲಿಲ್ಲ. ಇನ್ನೂ ನಿಂತಿದ್ದಾರೆ. ಲೋಟದ ನೀರು ತುಳುಕುತ್ತಿದೆ, ಕಣ್ಣಂಚಿಗೆ ಕಾಣುತ್ತಿದೆ. ಬರೆಯಲು ಏನೂ ಇಲ್ಲದಿದ್ದರೂ ಬರೆಯುತ್ತಿದ್ದೇನೆ. ತಲೆ ಎತ್ತುವುದಿಲ್ಲ. ಎತ್ತಿದರೆ ಈ ಮನುಷ್ಯ ನನ್ನ ಕಣ್ಣಲ್ಲೇ ಎಲ್ಲ ಓದಿ—