ಶಾಲಿನ ಕೆಳಗೆ ಕೊಟ್ಟ ಕೈ

ಜುಲೈ ೬, ಶನಿವಾರ

ಮೊನ್ನೆ ಗುರುವಾರ ನಮ್ಮ ಬುರಾವೊ ಊರಿನ ಕುರಿಸಂತೆಯಲ್ಲಿ, ಹಾಡಹಗಲಲ್ಲಿ, ಜನರ ನಡುವೆ ಕೈ ಹಿಡಿದು ಮುಗಿಸಿದ ವ್ಯಾಪಾರವನ್ನು ಸಮುದ್ರದಾಚೆಗೆ ಕುರಿ ಕಳಿಸುವ ಕಂಪನಿ ಇವತ್ತು ಇಲ್ಲವೆನ್ನುತ್ತಿದೆ. ಬರೆದಿಡುತ್ತೇನೆ. ನಮ್ಮ ಊರಿಗೆ ಮರೆವು ಜಾಸ್ತಿ.

ಎಂದಿನಂತೆ ಲಹೋಹ್ ದೋಸೆ, ಚಹಾ, ರೇಡಿಯೊ. ಅಷ್ಟರಲ್ಲಿ ತಂಗಿ ಇದಿಲ್ ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದಳು — ಆಗಲೇ ಏನೋ ಕೆಟ್ಟಿದೆಯೆಂದು ಗೊತ್ತಾಯಿತು.

"ಅಣ್ಣ, ಕುರಿ ಬೇಡವಂತೆ."

"ಯಾರಿಗೆ?"

"ಕಂಪನಿಗೆ. ಬಿಲ್ಲೆ ಹೇಳಿ ಕಳ್ಸಿದಾನೆ. ಗುರುವಾರ ಯಾವ ವ್ಯಾಪಾರಾನೂ ಆಗಿಲ್ವಂತೆ."

"ಮತ್ತೆ ಬೆನ್ನ ಮೇಲಿರೋ ಕೆಂಪು ಬಣ್ಣ?"

"ಕುರಿಗಳೇ ಹಚ್ಕೊಂಡಿರ್ಬೇಕು, ಹಬ್ಬ ಹತ್ರ ಬಂತಲ್ಲ."

ನಗಲಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಕುರಿ. ಒಂದೂ ಅವಳದಲ್ಲ. ಹವುದ್ ಬಯಲಿನ ಆರು ಕುಟುಂಬಗಳು ಅವಳ ಬಾಯಿಮಾತು ನಂಬಿ ಹೊಡೆದುಕೊಟ್ಟವು. ಗಂಡ ಸತ್ತ ಮೇಲೆ ಹದಿನೈದು ವರ್ಷ ಆ ಒಂದು ನಂಬಿಕೆಯ ಮೇಲೆ ವ್ಯಾಪಾರ ಮಾಡಿದ್ದಾಳೆ. ಇದು ಮುರಿದರೆ ಇನ್ನು ಯಾರೂ ಅವಳ ಕೈಗೆ ಒಂದು ಮರಿಯನ್ನೂ ಕೊಡುವುದಿಲ್ಲ.

ಹೆಂಗಸು ಪರ ಗಂಡಸಿನ ಕೈ ಹಿಡಿಯುವಂತಿಲ್ಲ. ಅವಳ ಪರವಾಗಿ ದಲ್ಲಾಳಿ ವರ್ಫಾ ಶಾಲಿನ ಕೆಳಗೆ ಕೈ ಇಟ್ಟ. ಕಂಪನಿಯ ಪರವಾಗಿ ಇಲ್ಲಿ ಕುರಿ ಕೊಳ್ಳುವ ಬಿಲ್ಲೆ. ಬೆಲೆಯನ್ನು ಬಾಯಲ್ಲಿ ಹೇಳದೆ ಬೆರಳು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಒಪ್ಪಿಗೆಯಾಗಿ ಶಾಲು ತೆಗೆದರು. ಬಿಲ್ಲೆಯ ಆಳುಗಳು ಒಂದೊಂದು ಕುರಿಯ ಬೆನ್ನಿಗೂ ಕೆಂಪು ಬಳಿದರು. ಬಣ್ಣ ಬಿದ್ದ ಕುರಿಯನ್ನು ಬೇರೆಯವರು ಕೇಳುವುದಿಲ್ಲ. ಕಳ್ಳನೂ ಮುಟ್ಟುವುದಿಲ್ಲ.

ಹಜ್‌ಗೆ ಮುಂಚಿನ ಕೊನೆಯ ಹಡಗಿಗೆ ಹೋಗುವ ಕುರಿಗಳೆಲ್ಲ ಮೊದಲು ಬೆರ್ಬೆರಾ ಬಂದರಿನ ರೋಗತಪಾಸಣೆ ದೊಡ್ಡಿ ಸೇರಬೇಕು. ದೊಡ್ಡಿಗೆ ಕೊನೆಯ ಲಾರಿಗಳು ಇಪ್ಪತ್ತನೇ ತಾರೀಖು ಹೊರಡುತ್ತವೆ. ಆಮೇಲೆ ಇಷ್ಟು ಕುರಿ ಯಾರಿಗೆ ಬೇಕು?

ಜುಲೈ ೭. ಮಧ್ಯಾಹ್ನ

ಬಿಲ್ಲೆಯ ಆಫೀಸು. ಏಸಿ ಎಷ್ಟು ಜೋರೆಂದರೆ ಸ್ವೆಟರ್ ಹಾಕಿಕೊಂಡು ಕೂತಿದ್ದಾನೆ, ಜುಲೈಯಲ್ಲಿ. ಏಳನೇ ಕ್ಲಾಸಿನಲ್ಲಿ ನನ್ನ ಬಳಿ ಭೂಗೋಳ ಕಲಿತವನು. ನಕಾಶೆ ಚೆನ್ನಾಗಿ ಬರೆಯುತ್ತಿದ್ದ.

"ಮೇಷ್ಟ್ರೇ, ಬನ್ನಿ ಬನ್ನಿ. ಚಹಾ ತರಿಸ್ಲಾ?"

"ಚಹಾ ಮನೇಲಿದೆ. ಗುರುವಾರ ಕೈ ಕೊಟ್ಟಿದ್ಯೋ ಇಲ್ವೋ?"

"ವಿಚಾರಿಸಿದ್ವಿ, ಅಷ್ಟೇ. ಬಣ್ಣ ಹಚ್ಚಿದ್ದು ಎಣಿಸೋಕೆ."

"ಎಣಿಸೋಕೆ ನಿಂಗೆ ಬಣ್ಣ ಬೇಕಾ? ನಾನೇ ನಿಂಗೆ ಲೆಕ್ಕಾನೂ ಕಲಿಸ್ಬೇಕಿತ್ತು."

ನಕ್ಕ. ನಗು ಬೇಗ ನಿಲ್ಲಿಸಿದ. "ಆಚೆ ದಡದಲ್ಲಿ ರೇಟು ಬಿದ್ದಿದೆ, ಮೇಷ್ಟ್ರೇ. ಹೊಸ ರೇಟಿಗೆ ಆದ್ರೆ ಈಗ್ಲೇ ತಗೋತೀನಿ. ಹಳೇದು ಅಂತೀರಾ — ಅಗ್ರಿಮೆಂಟ್ ಎಲ್ಲಿ? ಫಾರಿನ್ ಟ್ರೇಡು ಬೆರಳ ಮೇಲೆ ನಡಿಯಲ್ಲ."

"ನಿಮ್ಮಪ್ಪ ಸಾಯೋತನಕ ಬೆರಳ ಮೇಲೇ ನಡೆಸಿದ್ದ."

"ಅದಕ್ಕೇ ಅವ್ರು ಸಾಯೋವಾಗ್ಲೂ ಬಾಡಿಗೆ ಮನೇಲಿದ್ರು."

ಎದ್ದು ಬಂದೆ. ಹೊರಗೆ ಬಂದಮೇಲೆ ಉತ್ತರ ಹೊಳೆಯಿತು. ಯಾವಾಗಲೂ ಹಾಗೇ.

ಜುಲೈ ೭. ಸಂಜೆ

ಅವನಪ್ಪನ ವಿಷಯ. ರೋಗದ ಹೆಸರಿನಲ್ಲಿ ಆಚೆ ದಡದವರು ನಮ್ಮ ಕುರಿ ಬೇಡವೆಂದ ವರ್ಷ. ಬೆರ್ಬೆರಾದಲ್ಲಿ ಹಡಗು ಖಾಲಿ ನಿಂತಿತ್ತು. ಮುದುಕ ಅಷ್ಟರಲ್ಲಿ ಮುನ್ನೂರು ಕುರಿಗೆ ಬಣ್ಣ ಹಚ್ಚಿದ್ದ. ಯಾರೂ ಕೇಳುವ ಮೊದಲೇ ಬಂದು ಹೊಡೆದುಕೊಂಡು ಹೋದ. ಕಟ್ಟಲು ಜಾಗವಿಲ್ಲ. ನೆಂಟರ ಅಂಗಳ, ಮಸೀದಿಯ ಹಿಂಭಾಗ, ನಮ್ಮ ಶಾಲೆಯ ಮೈದಾನ — ಎಲ್ಲ ಕಡೆ ಅವನ ಕುರಿ. ವರ್ಷವಿಡೀ ಮಾಂಸ ತಿಂದು ಹೊಟ್ಟೆನೋವೆಂದು ಎಲ್ಲರನ್ನೂ ಬೈಯುತ್ತಿದ್ದ. ಕೈ ಕೊಟ್ಟಿಲ್ಲವೆಂದು ಮಾತ್ರ ಒಂದು ದಿನವೂ ಹೇಳಲಿಲ್ಲ.

ಕಾಗದವಿಲ್ಲದ ದೇಶವೆಂದು ಹೊರಗಿನವರು ನಮ್ಮ ಬಗ್ಗೆ ಪುಸ್ತಕ ಬರೆಯುತ್ತಾರೆ. ಓದಿದ್ದೇನೆ. ರಾಜ್ಯ ಕುಸಿದು, ಬ್ಯಾಂಕು ಸುಟ್ಟು, ಕೋರ್ಟಿಗೆ ಬಾಗಿಲಿಲ್ಲದ ಕಾಲದಲ್ಲೂ ಇಲ್ಲಿಂದ ಹಡಗು ತುಂಬಿ ಕುರಿ ಹೋದವು. ಯಾವುದರ ಬಲದಿಂದ ಹೋದವು ಎಂದು ಆ ಪುಸ್ತಕಗಳಲ್ಲಿ ಇಲ್ಲ.

ಜುಲೈ ೯

ವರ್ಫಾನನ್ನು ಹಿಡಿದೆವು. ಎರಡು ದಿನದಿಂದ ತಪ್ಪಿಸಿಕೊಳ್ಳುತ್ತಿದ್ದ. ಜಗಿಯುವ ಖಾತ್ ಸೊಪ್ಪು ಮಾರುವವಳ ಅಂಗಡಿಯ ಮುಂದೆ ಕೆನ್ನೆ ಊದಿಸಿಕೊಂಡು ಕೂತಿದ್ದ. ಇದಿಲ್ ಎದುರಿಗೇ ಹೋಗಿ ನಿಂತಳು.

"ಕೆನ್ನೇಲಿ ಸೊಪ್ಪೋ, ಕಂಪನಿಯೋ?"

"ತಂಗಿ, ಕೂತ್ಕೋ."

"ಕೂತ್ರೆ ಕುರಿ ಮೇವು ಕೇಳೋದು ಬಿಡ್ತಾವಾ? ಒಂದೇ ಮಾತು. ಗುರುವಾರ ಬಿಲ್ಲೆ ನಿನ್ನ ಕೈ ಒತ್ತಿದ್ನಾ?"

ಅತ್ತಿತ್ತ ನೋಡಿದ. ಧ್ವನಿ ತಗ್ಗಿಸಿದ. "ಒತ್ತಿದ. ಗಟ್ಟಿಯಾಗೇ ಒತ್ತಿದ."

"ಸಂತೇಲಿ ಹೇಳು."

"ಹೇಳಿದ್ರೆ ನಾಳೆಯಿಂದ ಕಂಪನಿ ನನ್ನ ಕೈಯಿಂದ ಒಂದು ಬಾಲಾನೂ ಕೊಳ್ಳಲ್ಲ. ಈ ಊರಲ್ಲಿ ಕೊಳ್ಳೋನು ಈಗ ಅವನೊಬ್ನೇ. ನಿಂಗೊತ್ತು."

"ಗೊತ್ತು. ಅದಕ್ಕೇ ಹೇಳ್ತಿದೀನಿ — ನೀನು ಸುಮ್ನಿದ್ರೆ ಮುಂದಿನ ವರ್ಷ ಅವನಿಗೆ ದಲ್ಲಾಳಿ ಯಾಕೆ ಬೇಕು? ಕೈಗೇ ಬೆಲೆ ಇಲ್ಲ ಅಂದ್ಮೇಲೆ ನೀನು ಯಾವ ಅಂಗ ಬಾಡಿಗೆಗೆ ಕೊಡ್ತೀಯ?"

ಸೊಪ್ಪಿನವಳು ಬಿದ್ದು ಬಿದ್ದು ನಕ್ಕಳು. ವರ್ಫಾ ನಗಲಿಲ್ಲ.

ಜುಲೈ ೧೩

ಮೂರು ದಿನ ಬರೆಯಲಿಲ್ಲ. ಜ್ವರ. ಕುರಿಗಳು ಇದಿಲ್ ಮನೆಯ ಹಿಂದಿನ ಮುಳ್ಳುಬೇಲಿಯಲ್ಲೇ ಇವೆ. ನೀರಿನ ಟ್ಯಾಂಕರು, ಹುಲ್ಲು — ಕೈಬಳೆ ಮಾರಿದಳೆಂದು ಈಗ ತಿಳಿಯಿತು. ನನಗೆ ಹೇಳಿರಲಿಲ್ಲ.

ಒಬ್ಬ ಯೆಮೆನಿ ಬಂದಿದ್ದ. ಮರದ ದೋಣಿಯಲ್ಲಿ ಕುರಿ ಸಾಗಿಸುವವನು, ತಪಾಸಣೆ ದೊಡ್ಡಿಯ ಗೊಡವೆ ಇಲ್ಲದವನು. ಒಳ್ಳೆಯ ಬೆಲೆಯನ್ನೇ ಹೇಳಿದ. ಒಂದೇ ಷರತ್ತು — ಬೆನ್ನ ಮೇಲಿನ ಕೆಂಪು ಕೂದಲನ್ನು ಕತ್ತರಿಸಿ ಕೊಡಬೇಕು.

ಒಪ್ಪಿಕೋ ಎಂದೆ. ನಾನೇ ಎಂದೆ.

"ಕತ್ತರಿ ಹಾಕಿದ ಕ್ಷಣ ಬಿಲ್ಲೆ ಸತ್ಯವಂತ, ನಾನು ಕಳ್ಳಿ," ಎಂದಳು. "ಅವು ಬಿಲ್ಲೆ ಕುರಿ ಅಣ್ಣ. ನಾನು ಮೇಯಿಸ್ತಾ ಇದೀನಿ, ಅಷ್ಟೆ."

ನಲವತ್ತು ವರ್ಷ ಪಾಠ ಹೇಳಿದವನು ನಾನು. ಔಷಧಿ ಕುಡಿದು ಮಲಗಿದೆ.

ಜುಲೈ ೧೫, ಸೋಮವಾರ

ಇವತ್ತು ಕುರಿಗಳನ್ನು ಹೊಡೆದುಕೊಂಡು ಹೋದಳು. ಸಂತೆಗಲ್ಲ — ಕಂಪನಿಯ ಗೇಟಿಗೆ. ಊರಿನ ದೊಡ್ಡ ರಸ್ತೆಯ ಮೇಲೇ. ಕಪ್ಪು ತಲೆ, ಬಿಳಿ ಮೈ, ಕೆಂಪು ಬೆನ್ನು... ರಸ್ತೆಯ ತುಂಬ. ನಾನೂ ಹಿಂದೆ ಕೋಲು ಹಿಡಿದು ನಡೆದೆ.

ಗೇಟಿನವನು ಹೌಹಾರಿದ. "ಏನಮ್ಮಾ ಇದು?"

"ನಿಮ್ಮ ಕುರಿ. ಬಾಗಿಲು ತೆಗಿ."

"ಆರ್ಡರಿಲ್ಲ."

"ಬಣ್ಣ ಇದೆಯಲ್ಲ. ಅದೇ ಬಣ್ಣದ ಡಬ್ಬ ನಿನ್ನ ಹಿಂದೇನೇ ಇದೆ ನೋಡು."

ಅವನು ನಿಜವಾಗಿಯೂ ಹಿಂದೆ ತಿರುಗಿ ನೋಡಿದ. ಲಾರಿಗಳು ನಿಂತವು. ಒಂದು ಲಾರಿಯ ಡ್ರೈವರ್ ಕೆಳಗಿಳಿದು, "ಅಕ್ಕ, ಇವಕ್ಕೂ ಹಾರ್ನ್ ಕೇಳ್ಸಲ್ಲ, ನಿಂಗೂ ಕೇಳ್ಸಲ್ಲ, ನಾನು ನಿದ್ದೆ ಮಾಡ್ತೀನಿ" ಎಂದು ಚಕ್ರದ ನೆರಳಿನಲ್ಲಿ ಮಲಗಿದ. ಪೊಲೀಸರು ಬಂದರು. ಮಾರ್ಕು ನೋಡಿದರು. ಬೇರೆಯವರ ಮಾರ್ಕಿರುವ ಕುರಿಯನ್ನು ಅಟ್ಟಲು ಅವರೂ ಸಿದ್ಧರಿಲ್ಲ. ಇಳಿಹೊತ್ತಿನ ಅಸರ್ ನಮಾಜಿನವರೆಗೆ ನಿಂತಿದ್ದೆವು. ಬಿಲ್ಲೆ ಕಿಟಕಿಯ ಪರದೆ ಎಳೆದುಕೊಂಡ. ಕುರಿಗಳನ್ನು ಮತ್ತೆ ಬೇಲಿಗೆ ಹೊಡೆದು ತಂದೆವು.

ಜುಲೈ ೧೬

ಕೇಳಿದ್ದನ್ನಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ. ಸಂತೆ, ದೊಡ್ಡ ಜಾಲಿಮರದ ಕೆಳಗೆ, ಬೆಳಿಗ್ಗೆ. ಬಿಲ್ಲೆ ಬೇರೊಂದು ಮಂದೆಯ ವ್ಯಾಪಾರಕ್ಕೆ ವರ್ಫಾನ ಹತ್ತಿರ ಬಂದು ಕೈ ಚಾಚಿದ. ವರ್ಫಾ ಶಾಲು ಬಿಚ್ಚಿದ. ಮುಗಿಯಿತು ಎಂದುಕೊಂಡೆ. ಅವನು ಶಾಲನ್ನು ಕೊಡವಿ, ಮಡಚಿ, ಮತ್ತೆ ತನ್ನ ಹೆಗಲ ಮೇಲೇ ಹಾಕಿಕೊಂಡ.

"ಯಾಕೋ?" ಎಂದ ಬಿಲ್ಲೆ.

"ಈ ಕೈ ಆ ಗುರುವಾರ ನೀನು ಹಿಡಿದಿಲ್ವಂತಲ್ಲ. ಪರಿಚಯ ಇಲ್ದವರ ಹತ್ರ ನಾನು ವ್ಯಾಪಾರ ಮಾಡಲ್ಲ."

ಬಿಲ್ಲೆ ಪಕ್ಕದ ದಲ್ಲಾಳಿಯ ಕಡೆ ತಿರುಗಿದ. ಅವನು ಎರಡೂ ಕೈ ತೋಳಿನೊಳಗೆ ಎಳೆದುಕೊಂಡ. ಅದರಾಚೆಯವನೂ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಇಡೀ ಸಂತೆ ಚಳಿ ಹಿಡಿದವರಂತೆ ಕೈ ಮಡಚಿ ನಿಂತಿತು.

ಕಂಪನಿಯ ಲಾರಿಗಳು ಖಾಲಿ ನಿಂತಿವೆ.

ಜುಲೈ ೧೮, ಗುರುವಾರ

ಬಿಲ್ಲೆ ಇದಿಲ್‌ಳ ಮನೆಗೇ ಬಂದ. ಸ್ವೆಟರ್ ಇಲ್ಲ. ನಾನಿದ್ದೆ. ಹವುದ್‌ನಿಂದ ಮುದುಕ ಡಿರಿಯೆಯೂ ಬಂದು ಕೂತಿದ್ದ — ಕುರಿ ಕೊಟ್ಟ ಆರು ಕುಟುಂಬಗಳ ಹಿರಿಯ.

"ಆ ಗುರುವಾರ ಹೇಳಿದ ರೇಟೇ ಕೊಡ್ತೀನಿ," ಎಂದ ಬಿಲ್ಲೆ. "ಪೂರ್ತಿ. ಹಿಂದಿನ ಗೇಟಿಂದ ತುಂಬಿಸಿ. ಒಂದೇ ಒಂದು... ಇದು ಇವತ್ತಿನ ಹೊಸ ವ್ಯಾಪಾರ ಅನ್ನಿ. ವಿಧವೆಗೆ ಕಂಪನಿ ಸಹಾಯ ಮಾಡ್ತು ಅಂತ ಆಗ್ಲಿ. ಆಚೆ ದಡದ ಮಾಲೀಕರಿಗೆ ನಾನು ಇನ್ನೇನು ಹೇಳ್ಲಿ?"

ಇದಿಲ್ ಮುದುಕನ ಕಡೆ ನೋಡಿದಳು. "ಚಿಕ್ಕಪ್ಪ, ಕುರಿ ನಿಮ್ಮವು. ಒಪ್ಕೋ ಅಂದ್ರೆ ಒಪ್ಕೋತೀನಿ."

ಡಿರಿಯೆ ಒಂಟೆಹಾಲು ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಬಾಯಿಬಿಟ್ಟ. ಅವಸರವೇ ಇಲ್ಲ ಆ ಮನುಷ್ಯನಿಗೆ. "ನಾನು ಕುರಿ ಕೊಟ್ಟಿದ್ದು ನಿಂಗೆ, ಮಗಳೇ. ನಿನ್ನ ಮಾತು ಸುಳ್ಳು ಅಂತಾದ್ರೆ ನಾನು ಕೊಟ್ಟಿದ್ದೂ ಸುಳ್ಳು. ಬೇಕಾದ್ರೆ ವಾಪಸ್ ಹೊಡ್ಕೊಂಡು ಹೋಗ್ತೀನಿ, ಬಯಲಲ್ಲಿ ಒಂದಿಷ್ಟು ಹುಲ್ಲಿದೆ. ಆದ್ರೆ ಇನ್ನೊಬ್ಬನ ಬಣ್ಣ ಇರೋ ಕುರಿ ನನ್ನ ಮಂದೆಗೆ ಸೇರಲ್ಲ. ಹಚ್ಚಿದವನು ಮೊದ್ಲು ಬಾಯಲ್ಲಿ ಹೇಳ್ಲಿ, ನಂದು ಅಂತಾನೋ ಅಲ್ಲ ಅಂತಾನೋ."

"ಇಲ್ಲೇ ಹೇಳ್ತೀನಿ," ಎಂದ ಬಿಲ್ಲೆ.

"ಇಲ್ಲಿ ಯಾರಿದಾರೆ? ಮೇಷ್ಟ್ರು, ನಾನು, ಎರಡು ಕೋಳಿ." ಮುದುಕ ಎದ್ದ. "ಕೈ ಹಿಡಿದದ್ದು ಎಲ್ಲಿ?"

ಬಿಲ್ಲೆ ಚಪ್ಪಲಿ ಹಾಕಿಕೊಂಡು ಹೋದ.

ಜುಲೈ ೧೯, ಶುಕ್ರವಾರ. ನಮಾಜಿನ ನಂತರ

ನಾಳೆ ಕೊನೆಯ ಲಾರಿಗಳು. ಇದಿಲ್ ಕುರಿಗಳಿಗೆ ನೀರು ಕೊಡುತ್ತಿದ್ದಾಳೆ. ಹೋಗುತ್ತವೋ ಉಳಿಯುತ್ತವೋ ಅವಳಿಗೂ ತಿಳಿಯದು. "ಹಿಂದಿನ ಗೇಟಿಂದ ಹೋದ್ರೆ ಕುರಿ ಹೋಗುತ್ತೆ, ನನ್ನ ಮೇಲಿನ ಸುಳ್ಳು ಹೋಗಲ್ಲ" ಎಂದಳು.

ಇದನ್ನೆಲ್ಲ ಬರೆದು ಪತ್ರಿಕೆಗೆ ಪತ್ರ ಕಳಿಸಿದ್ದೆ, ಹಾಕಲಿಲ್ಲ. ಅವರಿಗೆ ಕಂಪನಿಯ ಜಾಹೀರಾತು ಬರುತ್ತದಂತೆ. ಇರಲಿ. ಕೇಳಬೇಕಾದ್ದನ್ನು ನಾಳೆ ನಾನೇ ಕೇಳುತ್ತೇನೆ. ಮಾತು ತಡವರಿಸದಿರಲೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಬಿಲ್ಲೆ, ಸಹಾಯ ಬೇಡ. ಹೊಸ ರೇಟೂ ಬೇಡ, ಹಿಂದಿನ ಗೇಟೂ ಬೇಡ. ಜಾಲಿಮರದ ಕೆಳಗೆ ಬಾ. ದಲ್ಲಾಳಿಗಳಿರಲಿ, ಹವುದ್‌ನಿಂದ ಬಂದವರಿರಲಿ, ನಿನ್ನ ಮಾಲೀಕರಿಗೂ ಫೋನಿನಲ್ಲಿ ಕೇಳಿಸು. ವರ್ಫಾನ ಎದುರು ನಿಂತು ಇದೊಂದಕ್ಕೆ ಉತ್ತರ ಕೊಡು — ಜುಲೈ ನಾಲ್ಕರ ಬೆಳಿಗ್ಗೆ ಆ ಶಾಲಿನ ಕೆಳಗಿದ್ದ ಕೈ ನಿನ್ನದೋ, ಅಲ್ಲವೋ? ಮೆಲ್ಲಗಲ್ಲ. ಸಂತೆಯ ಆ ತುದಿಗೂ ಕೇಳುವ ಹಾಗೆ. ಹೌದು ಅಥವಾ ಅಲ್ಲ.