ಎತ್ತಬೇಡಿ ಅಂದಿದ್ದೆ

ಮಾರ್ಚ್ 4, ಮಂಗಳವಾರ
ಬೆಳಗ್ಗೆಯೆಲ್ಲ ಕ್ಲಿನಿಕ್ಕಿನಲ್ಲಿ ಕೈ ತೊಳೆಯುವ ಗೀಳಿನವರು. ಮಧ್ಯಾಹ್ನ ಶಿಯುಮಾನ್. ಅಪ್ಪ ಸತ್ತಿರಬಹುದೆಂಬ ಭಯ ಇವಳಿಗೆ. ಬ್ಯಾಂಕಿನ ಕೌಂಟರಿನಿಂದ ದಿನವಿಡೀ ಫೋನ್ — "ಅಪ್ಪಾ, ಉಸಿರಾಡ್ತಿದೀಯಾ?" ಇವತ್ತು ಅಪ್ಪನನ್ನೂ ಕರೆಸಿದ್ದೆ. ಕುವೋ. ತೈನಾನ್ ನಗರದ ಮಾರ್ಕೆಟ್ಟಿನಲ್ಲಿ ಮೀನುಗಂಜಿ ಅಂಗಡಿ, ಅದರ ಮೇಲೆಯೇ ಮನೆ, ಇರುವುದು ಒಬ್ಬರೇ. ಇಬ್ಬರಿಗೂ ಹೇಳಿದೆ: ರಾತ್ರಿ ಎಂಟಕ್ಕೆ ಒಂದು ಕರೆ. ಬೇರೆ ಹೊತ್ತಿನಲ್ಲಿ ಎತ್ತಬೇಡಿ. ಸಮಾಧಾನ ಹೇಳಿದಷ್ಟೂ ಗೀಳು ಕೊಬ್ಬುತ್ತದೆ.
"ನಿನ್ ಕೈಲಾಗುತ್ತಾ ಅಪ್ಪಾ?"
"ಆಗುತ್ತೆ ಕಣೇ. ನೀನು ಮಾಡ್ದೆ ಇರು, ನೋಡೋಣ."

ಮಾರ್ಚ್ 13
ನಿನ್ನೆ ಎಂಟರದ್ದು ಬಿಟ್ಟರೆ ಎರಡೇ ಕರೆ. ಎರಡನ್ನೂ ಮುದುಕ ಎತ್ತಲಿಲ್ಲವಂತೆ. ಕ್ಲಿನಿಕ್ಕಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡೆ. ಬೀಗಿದೆ, ಸುಳ್ಳೇಕೆ.

ಮಾರ್ಚ್ 20
ಕುವೋ ಮೊನ್ನೆ ಬಚ್ಚಲಲ್ಲಿ ಬಿದ್ದಿದ್ದಾರೆ, ಎಂಟರ ಕರೆ ಮುಗಿದ ಮೇಲೆ. ಸೊಂಟದ ಮೂಳೆ ಮುರಿದಿದೆ. ರಾತ್ರಿಯಿಡೀ ಒದ್ದೆ ನೆಲದಲ್ಲಿ… ಅಂಗಡಿ ತೆರೆಯಲಿಲ್ಲವೆಂದು ಬೆಳಗ್ಗೆ ಮೀನು ತಂದುಕೊಡುವವನು ಬಾಗಿಲು ಒಡೆಸಿದನಂತೆ. ಶಿಯುಮಾನ್ ಫೋನಿನಲ್ಲಿ ಅತ್ತಳು.
"ಹತ್ತಕ್ಕೆ ಒಂದ್ಸಲ ಮಾಡ್ದೆ ಮೇಡಂ. ಎತ್ತಲಿಲ್ಲ. ಗೀಳು ಅಂತ ಮಲಗಿಬಿಟ್ಟೆ. ಪ್ರಜ್ಞೆ ತಪ್ಪಿತ್ತಂತೆ ಅಪ್ಪಂಗೆ. ಆಗ್ಲೇ ಓಡಿ ಹೋಗ್ಬೇಕಿತ್ತು ನಾನು."

ಮಾರ್ಚ್ 21, ಸಂಜೆ
ಆಸ್ಪತ್ರೆಗೆ ಹೋಗಿದ್ದೆ. ಮಗಳು ಕೆಳಗೆ ಔಷಧಿ ತರಲು ಹೋದ ಹೊತ್ತು ನೋಡಿ ಕುವೋ ಹತ್ತಿರ ಕರೆದರು.
"ಪ್ರಜ್ಞೆ ಇತ್ತು ಮೇಡಂ. ಫೋನು ಜೇಬಲ್ಲೇ ಇತ್ತು. ಎತ್ತಲಿಲ್ಲ. ನಿಮಗೆ ಕೊಟ್ಟ ಮಾತು ಉಳಿಸ್ಕೊಂಡೆ."
"ಬೇರೆ ಯಾರಿಗಾದ್ರೂ ಮಾಡಬಹುದಿತ್ತಲ್ಲ…"
"ಯಾರಿಗೆ ಮಾಡಿದ್ರೂ ಅವಳ ಕಿವಿಗೆ ಬೀಳ್ತಿತ್ತು. ಅಲ್ಲಿಗೆ ಅವಳ ಶ್ರಮ ಎಲ್ಲ ನೀರಲ್ಲಿ ಹೋಮ. ಅವಳಿಗೆ ಹೇಳ್ಬೇಡಿ."
ಶಾಬಾಸ್ ಅನ್ನುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದರು. ತಲೆ ಎತ್ತಲಾಗಲಿಲ್ಲ. ಎತ್ತಬೇಡಿ ಎಂದವಳು ನಾನು. ಕಷ್ಟ ಬಂದರೆ ಎತ್ತಿ ಎನ್ನಲಿಲ್ಲ. ಅಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಬ್ಬ ಮನುಷ್ಯನನ್ನು ರಾತ್ರಿಯಿಡೀ ನೆಲದ ಮೇಲೆ ಮಲಗಿಸಿದೆ. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 25, ಮಂಗಳವಾರ
ಶಿಯುಮಾನ್ ಬಂದಳು. ಊಟ ಬಿಟ್ಟಿದ್ದಾಳೆ. ಕೂರುವ ಮೊದಲೇ ಕೇಳಿದಳು, "ನಂದೇ ತಪ್ಪಲ್ವಾ ಮೇಡಂ?"
ಮಗಳಿಗೆ ಹೇಳುವುದಿಲ್ಲವೆಂದು ಮುದುಕನಿಗೆ ಮಾತು ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಮುರಿಯುತ್ತಿದ್ದೆ. ಹೇಳಿಬಿಟ್ಟೆ. "ನಿಮ್ಮದಲ್ಲ, ನನ್ನದು. ಅವರಿಗೆ ಪ್ರಜ್ಞೆ ಇತ್ತು. ನಾನು ಎತ್ತಬೇಡಿ ಅಂದಿದ್ದೆ, ಅದಕ್ಕೇ ಎತ್ತಲಿಲ್ಲ."
ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.
"ನನ್ನ ಸಮಾಧಾನಕ್ಕೆ ಹೇಳ್ತಿದೀರಾ?"
"ಇಲ್ಲ. ನಿಜ."
"ಖಂಡಿತಾನಾ?"
"ಖಂಡಿತ."
"ಇನ್ನೊಂದ್ಸಲ ಹೇಳಿ ಮೇಡಂ."
ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೇಳಿದಳು. ಇದೂ ಗೀಳೇ; ಉತ್ತರಿಸಬಾರದು, ಗೊತ್ತು. ಆದರೆ ನಾನು ಉತ್ತರಿಸದೆ ಇದ್ದರೆ ತಪ್ಪು ಅವಳದೇ ಎಂದುಕೊಳ್ಳುತ್ತಾಳೆ. ಮತ್ತೆ ಹೇಳಿದೆ.